ಸಾಲ ಕಳೆದರೆ ಉಳಿಯುವುದೆಷ್ಟು? ಒಬ್ಬ ರಗ್ಬಿ ಕೋಚ್ ಕಲಿಸಿದ ಲೆಕ್ಕ

ಮೆಲ್ಬರ್ನ್‌ನಲ್ಲಿ ಇಷ್ಟು ವರ್ಷ ಇದ್ದರೂ ನನಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಅಷ್ಟಕ್ಕಷ್ಟೇ. ಈ ಊರಿನವರಿಗೂ ರಗ್ಬಿ ಲೀಗ್ ಅಂದರೆ ಅಷ್ಟಕ್ಕಷ್ಟೇ, ಇದು ಫುಟಿ ಊರು. ಆದರೂ ಇಲ್ಲಿನ ರಗ್ಬಿ ಲೀಗ್ ತಂಡ ಮೆಲ್ಬರ್ನ್ ಸ್ಟಾರ್ಮ್‌ನ ಕೋಚ್ ಕ್ರೇಗ್ ಬೆಲಮಿ ಅವರ ಕಥೆಯನ್ನು ನಾನು ಹೂಡಿಕೆಯ ಪಾಠದ ಹಾಗೆ ಮತ್ತೆ ಮತ್ತೆ ನೆನೆಯುತ್ತೇನೆ. ಕಾರಣ ಕೊನೆಗೆ ಹೇಳುತ್ತೇನೆ. ಅದು ನನ್ನದೇ ತಪ್ಪಿನ ಕಥೆ.

ಬೆಲಮಿ ಹುಟ್ಟಿದ್ದು 1959ರಲ್ಲಿ, ನ್ಯೂ ಸೌತ್ ವೇಲ್ಸ್‌ನ ಪೋರ್ಟ್‌ಲ್ಯಾಂಡ್ ಎಂಬ ಸಣ್ಣ ಊರಿನಲ್ಲಿ. 1982ರಿಂದ 1992ರವರೆಗೆ ಕ್ಯಾನ್ಬೆರಾ ರೇಡರ್ಸ್ ತಂಡಕ್ಕೆ ಆಡಿದರು. ಆ ತಂಡದಲ್ಲಿ ಮಾಲ್ ಮೆನಿಂಗಾ, ಲಾರಿ ಡೇಲಿ, ರಿಕಿ ಸ್ಟುವರ್ಟ್‌ರಂಥ ತಾರೆಯರಿದ್ದರು. ಬೆಲಮಿ ತಾರೆಯಲ್ಲ. ಯಾವ ಜಾಗ ಖಾಲಿ ಇದೆಯೋ ಅಲ್ಲಿ ಆಡುವ ಆಟಗಾರ. ನಮ್ಮ ಆಫೀಸುಗಳಲ್ಲೂ ಇಂಥವರು ಇರುತ್ತಾರಲ್ಲ, ಬೋನಸ್ ಪಟ್ಟಿಯಲ್ಲಿ ಮೊದಲ ಹೆಸರು ಅವರದಲ್ಲ, ಆದರೆ ರಜೆ ಹಾಕಿದರೆ ಎಲ್ಲರಿಗೂ ಗೊತ್ತಾಗುತ್ತದೆ.

ಆಟ ಮುಗಿದ ಮೇಲೆ ನೇರವಾಗಿ ದೊಡ್ಡ ಕುರ್ಚಿ ಸಿಗಲಿಲ್ಲ. ಬ್ರಿಸ್ಬೇನ್ ಬ್ರಾಂಕೋಸ್ ತಂಡದಲ್ಲಿ ವೇನ್ ಬೆನೆಟ್ ಅವರ ಕೈಕೆಳಗೆ ಸಹಾಯಕ ಕೋಚ್ ಆಗಿ ದುಡಿದರು. ಸ್ಟಾರ್ಮ್‌ನ ಮುಖ್ಯ ಕೋಚ್ ಆದದ್ದು 2003ರಲ್ಲಿ, 43ನೇ ವಯಸ್ಸಿನಲ್ಲಿ. ಎರಡನೇ ಇನಿಂಗ್ಸ್‌ಗೆ ತಡವಾಯಿತು ಎಂದು ಕೊರಗುವ ನನ್ನ ವಯಸ್ಸಿನ ಓದುಗರು ಈ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಿ.

ಈಗ ಹಣದ ವಿಷಯಕ್ಕೆ ಬರೋಣ. ಈ ಲೀಗ್‌ನಲ್ಲಿ ಸ್ಯಾಲರಿ ಕ್ಯಾಪ್ ಇದೆ. ಶ್ರೀಮಂತ ಕ್ಲಬ್ ಇರಲಿ, ಬಡ ಕ್ಲಬ್ ಇರಲಿ, ಆಟಗಾರರ ಸಂಬಳಕ್ಕೆ ಒಂದೇ ಮಿತಿ. ಎಲ್ಲರಿಗೂ ಒಂದೇ ಬಂಡವಾಳ ಕೊಟ್ಟು, ಯಾರು ಹೆಚ್ಚು ಲಾಭ ತರುತ್ತೀರಿ ನೋಡೋಣ ಎಂದ ಹಾಗೆ. ಆ ಬಂಡವಾಳದಲ್ಲಿ ಸ್ಟಾರ್ಮ್ 2007 ಮತ್ತು 2009ರಲ್ಲಿ ಚಾಂಪಿಯನ್ ಆಯಿತು. ಎಲ್ಲರೂ ಬೆರಗಾದರು.

2010ರ ಏಪ್ರಿಲ್ 22ರಂದು ಗುಟ್ಟು ರಟ್ಟಾಯಿತು. ಕ್ಲಬ್‌ನ ಆಡಳಿತ ಎರಡು ಲೆಕ್ಕ ಇಟ್ಟಿತ್ತು. ಲೀಗ್‌ಗೆ ತೋರಿಸುವ ಒಪ್ಪಂದ ಒಂದು, ಆಟಗಾರರಿಗೆ ಹೆಚ್ಚುವರಿ ಹಣ ಕೊಡುವ ಪತ್ರ ಇನ್ನೊಂದು. ನಂತರದ ತನಿಖೆಯಲ್ಲಿ ಮಿತಿ ಮೀರಿದ ಮೊತ್ತ 30 ಲಕ್ಷ ಡಾಲರ್ ದಾಟಿತು. ಎರಡೂ ಕಪ್ ವಾಪಸ್ ಹೋದವು. 16.89 ಲಕ್ಷ ಡಾಲರ್ ದಂಡ ಬಿತ್ತು. ಜೊತೆಗೆ ಆ ವರ್ಷದ ಉಳಿದ ಪಂದ್ಯಗಳನ್ನೂ ಆಡಬೇಕು, ಆದರೆ ಗೆದ್ದರೂ ಅಂಕ ಸೊನ್ನೆ. ತನಗೆ ಇದು ಗೊತ್ತಿರಲಿಲ್ಲ ಎಂದರು ಬೆಲಮಿ. ಗೊತ್ತಿತ್ತೆಂದು ಯಾರೂ ತೋರಿಸಲಿಲ್ಲ. ಆದರೆ ಆ ಕಪ್‌ಗಳ ಮೇಲೆ ಇದ್ದದ್ದು ಅವರದೇ ಹೆಸರಿನ ತಂಡ.

ಮೂರೇ ದಿನಕ್ಕೆ ಮುಂದಿನ ಪಂದ್ಯ. ಅದನ್ನು ಗೆದ್ದರು. ಅಂಕವಿಲ್ಲದ ಆ ಸೀಸನ್‌ನಲ್ಲಿ ಒಟ್ಟು 14 ಪಂದ್ಯ ಗೆದ್ದು, ಪಟ್ಟಿಯಲ್ಲಿ ಕೊನೆಯ ಸ್ಥಾನದಲ್ಲಿ ಮುಗಿಸಿದರು. ಕ್ಯಾಪ್ ಒಳಗೆ ಬರಲು ಗ್ರೆಗ್ ಇಂಗ್ಲಿಸ್‌ರಂಥ ಆಟಗಾರರನ್ನು ಬಿಟ್ಟುಕೊಡಬೇಕಾಯಿತು. ಇಲ್ಲಿಗೆ ಈ ತಂಡದ ಕಥೆ ಮುಗಿಯಿತು ಅಂದುಕೊಂಡವರೇ ಹೆಚ್ಚು.

2012ರಲ್ಲಿ ಸ್ಟಾರ್ಮ್ ಮತ್ತೆ ಚಾಂಪಿಯನ್. 2017ರಲ್ಲಿ ಮತ್ತೊಮ್ಮೆ. 2020ರಲ್ಲಿ ಇನ್ನೊಮ್ಮೆ. ಬೇರೆ ಕ್ಲಬ್‌ಗಳಲ್ಲಿ ಲೆಕ್ಕಕ್ಕಿಲ್ಲದ ಆಟಗಾರರನ್ನು ಕರೆತಂದು ಅವರು ತಯಾರು ಮಾಡುತ್ತಾರೆ. ಹೊಸಬರನ್ನು ಸೀಸನ್‌ಗೆ ಮೊದಲು ಕೆಲ ದಿನ ಕೂಲಿ ಕೆಲಸಕ್ಕೆ ಕಳಿಸುವ ಪದ್ಧತಿಯೂ ಅಲ್ಲಿದೆ. ಬೆಳಿಗ್ಗೆ ಐದಕ್ಕೆ ಎದ್ದು ಮೈಮುರಿದು ದುಡಿಯುವವರ ದಿನ ಹೇಗಿರುತ್ತದೆ ಎಂದು ಗೊತ್ತಾಗಲಿ ಅಂತ.

ಹಾಗಂತ ಬೆಲಮಿ ಮುಟ್ಟಿದ್ದೆಲ್ಲ ಚಿನ್ನವಲ್ಲ. 2008ರಿಂದ 2010ರವರೆಗೆ ಸ್ಟೇಟ್ ಆಫ್ ಒರಿಜಿನ್‌ನಲ್ಲಿ ನ್ಯೂ ಸೌತ್ ವೇಲ್ಸ್‌ಗೆ ಕೋಚ್ ಆಗಿದ್ದರು. ಮೂರು ಸರಣಿ, ಮೂರೂ ಸೋಲು. ವರ್ಷಕ್ಕೆ ಮೂರೇ ಪಂದ್ಯದ ಆ ಕೆಲಸದಲ್ಲಿ ನಿಧಾನವಾಗಿ ಕಟ್ಟುವ ಅವರ ವಿದ್ಯೆಗೆ ಸಮಯ ಸಿಗಲಿಲ್ಲ ಅನಿಸುತ್ತದೆ ನನಗೆ. ಒಂದು ಫಂಡ್ ಮ್ಯಾನೇಜರ್‌ನ ದಾಖಲೆ ನೋಡುವಾಗಲೂ ಇದನ್ನೇ ಕೇಳಬೇಕು: ಈ ಗೆಲುವು ಯಾವ ಜಾಗದಲ್ಲಿ, ಎಷ್ಟು ಅವಧಿಯಲ್ಲಿ ಬಂದದ್ದು?

ಈಗ ನನ್ನ ಕಥೆ. ಎಂಬಿಎ ಮುಗಿಸಿ 2006ರಲ್ಲಿ ಇಲ್ಲಿಗೆ ಬಂದೆ. ಸ್ವಂತದ್ದು 20,000 ಡಾಲರ್, ಮಾರ್ಜಿನ್ ಸಾಲ 30,000 ಸೇರಿಸಿ ಷೇರು ಕೊಂಡೆ. ಮಾರುಕಟ್ಟೆ 20% ಏರಿತು, 10,000 ಲಾಭ. ಭಾನುವಾರದ ಊಟಗಳಲ್ಲಿ ನನ್ನ ರಿಟರ್ನ್ 50% ಎಂದು ಹೇಳಿಕೊಂಡು ತಿರುಗಿದೆ. ಸಾಲದ ಮಾತು ಎತ್ತಲಿಲ್ಲ. ನನ್ನದೂ ಎರಡು ಲೆಕ್ಕವೇ! 2008ರಲ್ಲಿ ಮಾರ್ಜಿನ್ ಕಾಲ್ ಬಂತು, ಸಿಕ್ಕ ಬೆಲೆಗೆ ಮಾರಿದೆ. 20,000ದಲ್ಲಿ ಉಳಿದದ್ದು 6,000ಕ್ಕಿಂತ ಕಡಿಮೆ. ನನ್ನ ಹೆಂಡತಿ ಬೈಯಲಿಲ್ಲ. ಒಂದೇ ಮಾತು ಕೇಳಿದಳು: "ಅಲ್ಲರೀ, ಆ ಸಾಲ ತೆಗೆದು ನೋಡಿದ್ರೆ ನೀವು ನಿಜವಾಗಿ ದುಡಿದಿದ್ದೆಷ್ಟು?"

ಹಣಕಾಸು ಓದಿದವನ ಬಳಿ ಉತ್ತರ ಇರಲಿಲ್ಲ. ಎರಡು ವರ್ಷದ ನಂತರ ಸ್ಟಾರ್ಮ್ ಸುದ್ದಿ ಬಂದಾಗ ಊರೆಲ್ಲ ಬೆಲಮಿ ಬಗ್ಗೆ ಅದೇ ಪ್ರಶ್ನೆ ಕೇಳುತ್ತಿತ್ತು. ಅವರು ಉತ್ತರವನ್ನು ಪತ್ರಿಕಾಗೋಷ್ಠಿಯಲ್ಲಿ ಕೊಡಲು ಆಗುತ್ತಿರಲಿಲ್ಲ, ಮಿತಿಯೊಳಗೆ ಆಡಿಯೇ ಕೊಡಬೇಕಿತ್ತು. ನಾನು ಕೂಡ ಅವತ್ತಿನಿಂದ ತಿಂಗಳಿಗೆ 500 ಡಾಲರ್, ಸಾಲವಿಲ್ಲದೆ, ಇಂಡೆಕ್ಸ್ ಫಂಡ್‌ನಲ್ಲಿ ಶುರು ಮಾಡಿದೆ. ಹೇಳಿಕೊಳ್ಳುವಂಥ ರಿಟರ್ನ್ ಅಲ್ಲ. ಆದರೆ ಯಾರು ಕೇಳಿದರೂ ಪೂರ್ತಿ ಲೆಕ್ಕ ತೋರಿಸಬಲ್ಲೆ.

ಈ ವಾರಾಂತ್ಯ ನಿಮ್ಮ ಸ್ಟೇಟ್‌ಮೆಂಟ್ ತೆರೆಯಿರಿ. ಮನೆ ಸಾಲದ ಮೇಲೆ ನಿಂತ ಲಾಭ, ರೂಪಾಯಿ ಬಿದ್ದಿದ್ದರಿಂದ ಬಂದ ಲಾಭ, ಏರುವ ಮಾರುಕಟ್ಟೆ ಎಲ್ಲರಿಗೂ ಕೊಟ್ಟ ಲಾಭ, ಮೂರನ್ನೂ ಪಕ್ಕಕ್ಕಿಡಿ. ಉಳಿದದ್ದು ಸಣ್ಣ ಸಂಖ್ಯೆಯಾಗಿದ್ದರೆ ನಾಚಿಕೆ ಬೇಡ. ನಿಮ್ಮ ಆಟ ಅಲ್ಲಿಂದ ಶುರು.

(ಇದು ನನ್ನ ಅನುಭವ ಮಾತ್ರ, ನಿಮಗಾಗಿ ಕೊಟ್ಟ ಹೂಡಿಕೆ ಸಲಹೆ ಅಲ್ಲ.)