ಖಿನ್ನತೆಯ ಮಾತ್ರೆ ಮತ್ತು ಹೃದಯದ ಲಯ

ಖಿನ್ನತೆಯ ಔಷಧ ಹೃದಯದ ಲಯ ಕೆಡಿಸುತ್ತದೆಯೇ ಎಂದು ಕೇಳಿದರೆ ಹೌದು ಎಂದೋ ಇಲ್ಲ ಎಂದೋ ಉತ್ತರಿಸಲಾಗದು. ಯಾವ ಔಷಧ, ಎಷ್ಟು ಪ್ರಮಾಣ, ಯಾರ ದೇಹ, ಜೊತೆಗೆ ಇನ್ನೇನು ಸೇವಿಸುತ್ತಿದ್ದಾರೆ ಎಂಬುದನ್ನು ಬಿಟ್ಟರೆ ಆ ಪ್ರಶ್ನೆಗೆ ಅರ್ಥವೇ ಇಲ್ಲ. ಪ್ರತಿ ಬಡಿತದ ನಂತರ ಹೃದಯದ ಜೀವಕೋಶಗಳು ಪೊಟ್ಯಾಸಿಯಂ ಅಯಾನುಗಳನ್ನು ಹೊರಬಿಟ್ಟು ಮುಂದಿನ ಬಡಿತಕ್ಕೆ ಅಣಿಯಾಗುತ್ತವೆ. ಕೆಲವು ಔಷಧಗಳು ಆ ಹೊರಹರಿವನ್ನು ನಿಧಾನಗೊಳಿಸುತ್ತವೆ. ಆಗ ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರ ಹಿಗ್ಗುತ್ತದೆ. ಅದು 500 ಮಿಲಿಸೆಕೆಂಡ್ ದಾಟಿದರೆ ಹೃದಯದ ಕೆಳಕೋಣೆಗಳು ಲಯ ತಪ್ಪಿ ಅತಿವೇಗವಾಗಿ ಬಡಿದುಕೊಳ್ಳುವ, ಎಚ್ಚರ ತಪ್ಪಿಸುವ, ಕೆಲವೊಮ್ಮೆ ಪ್ರಾಣವನ್ನೇ ತೆಗೆಯುವ ಸ್ಥಿತಿಯ ಭಯ ಹೆಚ್ಚು.

ಸಿಟಲೋಪ್ರಾಂ ಎಂಬ ಖಿನ್ನತೆಯ ಔಷಧದ ಕಥೆ ಇದಕ್ಕೆ ಒಳ್ಳೆಯ ಪಾಠ. 2011ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ, ದಿನಕ್ಕೆ 40 ಮಿಲಿಗ್ರಾಂಗಿಂತ ಹೆಚ್ಚು ಸಿಟಲೋಪ್ರಾಂ ಕೊಡಬಾರದು ಎಂದಿತು. 20 ಮಿಲಿಗ್ರಾಂ ಕ್ಯೂಟಿಯನ್ನು ಸರಾಸರಿ 8.5 ಮಿಲಿಸೆಕೆಂಡ್ ಹಿಗ್ಗಿಸಿದರೆ, 60 ಮಿಲಿಗ್ರಾಂ 18.5ರಷ್ಟು ಹಿಗ್ಗಿಸುತ್ತಿತ್ತು. ಮರುವರ್ಷ, 60 ವರ್ಷ ವಯಸ್ಸು ದಾಟಿದವರಿಗೆ 20 ಮಿಲಿಗ್ರಾಂ ಮಿತಿ ಬಂತು. ಆದರೆ 2013ರಲ್ಲಿ ಅಮೆರಿಕದ ನಿವೃತ್ತ ಸೈನಿಕರ ಆರೋಗ್ಯ ದಾಖಲೆಗಳನ್ನು ಲಕ್ಷಗಟ್ಟಲೆ ಪರಿಶೀಲಿಸಿದಾಗ, ಹೆಚ್ಚು ಪ್ರಮಾಣ ಪಡೆದವರಲ್ಲಿ ಲಯದೋಷ ಹೆಚ್ಚಿರಲಿಲ್ಲ. ಎಚ್ಚರಿಕೆಯ ನಂತರ ಪ್ರಮಾಣ ತಗ್ಗಿಸಿಕೊಂಡವರಲ್ಲಿ ಆಸ್ಪತ್ರೆ ಸೇರಿಕೆ ಮತ್ತು ಸಾವು ಏರಿದ್ದು 2016ರ ವಿಶ್ಲೇಷಣೆಯಲ್ಲಿ ಕಂಡಿತು. ಹಾಗಾದರೆ ಎಚ್ಚರಿಕೆಯೇ ತಪ್ಪೇ? ಹಾಗಲ್ಲ. ಹೃದಯ ಗಟ್ಟಿಯಿರುವವರಿಗೇ ವೈದ್ಯರು ಹೆಚ್ಚಿನ ಪ್ರಮಾಣ ಬರೆದಿರಬಹುದು. ಇಸಿಜಿಯ ಗೆರೆ ಹಿಗ್ಗಿದ ಮಾತ್ರಕ್ಕೆ ಎಲ್ಲರ ಲಯವೂ ಕೆಡುವುದಿಲ್ಲ ಎಂಬುದೂ ನಿಜ.

2025ರಲ್ಲಿ ಡೆನ್ಮಾರ್ಕಿನ ಅಧ್ಯಯನವೊಂದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ ತಂದಿತು. ಒಂದರಿಂದ ಐದು ವರ್ಷ ಖಿನ್ನತೆಯ ಔಷಧಗಳನ್ನು ಸೇವಿಸಿದವರಲ್ಲಿ ಹಠಾತ್ ಹೃದಯ ಸಾವಿನ ಪ್ರಮಾಣ, ಸೇವಿಸದವರಿಗಿಂತ 56% ಹೆಚ್ಚು. ಆರು ವರ್ಷ ದಾಟಿದರೆ ಎರಡು ಪಟ್ಟಿಗೂ ಮೀರಿ. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಆರು ವರ್ಷ ಔಷಧ ಬೇಕಾದವರ ಖಿನ್ನತೆ ಎಷ್ಟು ಆಳದ್ದಾಗಿರಬೇಕು! ಹೃದಯಾಘಾತದ ನಂತರ ಖಿನ್ನರಾದವರು ಹೆಚ್ಚು ಸಾಯುತ್ತಾರೆಂದು ಮಾಂಟ್ರಿಯಲ್‌ನ ಸಂಶೋಧಕರು 1993ರಲ್ಲೇ ತೋರಿಸಿದ್ದರು. ಕಾಯಿಲೆಯ ಪಾಲೆಷ್ಟು, ಮಾತ್ರೆಯ ಪಾಲೆಷ್ಟು ಎಂದು ಇಂಥ ಅಧ್ಯಯನ ಬಿಡಿಸಿ ಹೇಳಲಾರದು. ಹೃದ್ರೋಗಿಗಳಿಗೇ ಸರ್ಟ್ರಲೀನ್ ಎಂಬ ಖಿನ್ನತೆಯ ಔಷಧ ಕೊಟ್ಟು ನೋಡಿದ, 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 369 ಮಂದಿಯಿದ್ದರು. ಅವರಲ್ಲಿ ಸರ್ಟ್ರಲೀನ್ ಪಡೆದವರ ಕ್ಯೂಟಿ ಹಿಗ್ಗಲಿಲ್ಲ. ಅಮಿಟ್ರಿಪ್ಟಿಲೀನ್‌ನಂಥ ಹಳೆಯ ಔಷಧಗಳ ಮಾತೇ ಬೇರೆ. ಅವು ಸೋಡಿಯಂ ಹರಿವನ್ನೂ ತಡೆಯುತ್ತವೆ, ಮಿತಿಮೀರಿ ನುಂಗಿದರೆ ಹೃದಯ ನಿಂತೇಹೋಗಬಹುದು.

ನನ್ನ ಚಿಂತೆ ಇರುವುದು ಔಷಧಗಳು ಒಟ್ಟು ಸೇರುವಲ್ಲಿ. ನಮ್ಮಲ್ಲಿ ಸಿಟಲೋಪ್ರಾಂನ ಸೋದರ ಔಷಧ ಎಸ್ಸಿಟಲೋಪ್ರಾಂ ಬಹಳ ಬಳಕೆಯಲ್ಲಿದೆ. ಗ್ಯಾಸ್ ಮಾತ್ರೆಯೆಂದು ಜನ ಅಂಗಡಿಯಲ್ಲಿ ತಾವೇ ಕೊಳ್ಳುವ ಒಮೆಪ್ರಜೋಲ್, ಯಕೃತ್ತಿನಲ್ಲಿ ಎಸ್ಸಿಟಲೋಪ್ರಾಂ ವಿಲೇವಾರಿಯನ್ನು ತಡೆದು ರಕ್ತದಲ್ಲಿ ಅದರ ಮಟ್ಟ ಏರಿಸುತ್ತದೆ. ಮೇಲೆ ವಾಂತಿಗೆ ಒಂಡಾನ್ಸೆಟ್ರಾನ್, ಕೆಮ್ಮಿಗೆ ಅಜಿಥ್ರೊಮೈಸಿನ್ ಸೇರಿದರೆ ಅವೂ ಕ್ಯೂಟಿಯನ್ನೇ ಎಳೆಯುತ್ತವೆ. ಭೇದಿಯಿಂದ ಪೊಟ್ಯಾಸಿಯಂ ಇಳಿದಿದ್ದರಂತೂ ಅಪಾಯ ಇನ್ನೂ ಹೆಚ್ಚು. ವಯಸ್ಸಾದವರು, ಹೃದ್ರೋಗಿಗಳು, ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಕಂಡವರು ಔಷಧ ಶುರುವಾಗುವ ಮೊದಲೊಮ್ಮೆ, ಪ್ರಮಾಣ ಏರಿಸಿದಾಗ ಮತ್ತೊಮ್ಮೆ ಇಸಿಜಿ ಮಾಡಿಸಲಿ. ತಾವು ನುಂಗುವ ಎಲ್ಲ ಮಾತ್ರೆಗಳನ್ನೂ, ಗ್ಯಾಸಿನದನ್ನೂ ಬಿಡದೆ, ವೈದ್ಯರಿಗೆ ತೋರಿಸಲಿ. ಸುದ್ದಿ ಓದಿ ಹೆದರಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಮಾತ್ರ ಬೇಡ. ತಲೆಸುತ್ತು, ತಳಮಳ ಬರುವುದಷ್ಟೇ ಅಲ್ಲ, ಖಿನ್ನತೆಯೂ ಮರಳಬಹುದು.