ದುಬಾರಿಯಾದಷ್ಟೂ ತಪ್ಪುವ ಗಡಿಯಾರ

ಒಂದು ಸೆಕೆಂಡು ಕಳೆಯುವಷ್ಟರಲ್ಲಿ ಮಂಜೇಶ್ವರ ಪೂರ್ವಕ್ಕೆ 450 ಮೀಟರ್ ಸಾಗಿರುತ್ತದೆ. ರೈಲ್ವೆ ಸ್ಟೇಷನ್ನು, ಹೊಸಂಗಡಿ ಪೇಟೆ, ಅನಂತೇಶ್ವರ ದೇವಸ್ಥಾನ, ಕವಿ ಗೋವಿಂದ ಪೈಗಳ ಮನೆ ಎಲ್ಲವೂ ಅದರೊಟ್ಟಿಗೆ ಹೋಗುತ್ತವೆ. ಭೂಮಿ ತನ್ನ ಸುತ್ತ ತಾನೇ ತಿರುಗುವ ವೇಗ ಸಮಭಾಜಕದಲ್ಲಿ ಗಂಟೆಗೆ ಸುಮಾರು 1,670 ಕಿ.ಮೀ. ಅಲ್ಲಿಂದ ಹನ್ನೆರಡೂ ಮುಕ್ಕಾಲು ಡಿಗ್ರಿ ಉತ್ತರಕ್ಕಿರುವ ಈ ಊರಿನ ಪಾಲಿಗೆ ಸಿಗುವುದು ಸುಮಾರು 1,630 ಕಿ.ಮೀ. ಶಬ್ದದ ವೇಗವನ್ನೂ ಮೀರಿ ಓಡುತ್ತಿರುವ ಊರಿನಲ್ಲಿ ಕುಳಿತು ನಾವು ಚಹಾ ಆರುವುದನ್ನು ಕಾಯುತ್ತೇವೆ.

ಗಡಿಯಾರ ಅಂದರೆ ಈ ಓಟದ ಲೆಕ್ಕ. ಕೈಗೆ ಕಟ್ಟಿದ ವಾಚು ಎಷ್ಟು ಸೆಕೆಂಡು ತಪ್ಪಿತು ಎಂದು ಕೇಳುವ ಬದಲು ಅಷ್ಟರಲ್ಲಿ ಊರು ಎಷ್ಟು ದೂರ ಹೋಯಿತು ಎಂದು ಕೇಳಿದರೆ ಆ ಲೆಕ್ಕಕ್ಕೆ ಮೈ ಬರುತ್ತದೆ. ಮನೆಮನೆಯಲ್ಲೂ ಒಬ್ಬರಾದರೂ ಗಲ್ಫ್‌ನಲ್ಲಿರುವ ಈ ಸೀಮೆಯಲ್ಲಿ ಅಂಥ ಲೆಕ್ಕಕ್ಕೆ ಕೆಲಸವೂ ಇದೆ. ಒಂದು ಕಾಲಕ್ಕೆ ದುಬೈಯಿಂದ ಬಂದವರನ್ನು ಅತ್ತರಿನ ಪರಿಮಳದಿಂದಲೂ ಕೈಯಲ್ಲಿನ ರಾಡೋ, ಸೈಕೋ ಫೈವ್‌ಗಳಿಂದಲೂ ಗುರುತಿಸುತ್ತಿದ್ದರು. ಈಗ ಹೊರಡುವ ಮುಂಚೆ ಅಲ್ಲಿಂದಲೇ ಫೋನು ಬರುತ್ತದೆ: ಸ್ಮಾರ್ಟ್ ವಾಚ್ ತರಲೋ, ಸ್ವಿಸ್ ವಾಚ್ ತರಲೋ?

ಮೊದಲು ನಿಖರತೆ ನೋಡೋಣ. ಸ್ಪ್ರಿಂಗಿನಿಂದ ನಡೆಯುವ ಸ್ವಿಸ್ ವಾಚು ‘ಕ್ರೊನೋಮೀಟರ್’ ಎಂಬ ಪ್ರಮಾಣಪತ್ರ ಪಡೆಯಬೇಕಾದರೆ ದಿನಕ್ಕೆ 4 ಸೆಕೆಂಡಿಗಿಂತ ಹೆಚ್ಚು ಹಿಂದೆ ಬೀಳಬಾರದು, 6 ಸೆಕೆಂಡಿಗಿಂತ ಹೆಚ್ಚು ಮುಂದೆ ಓಡಬಾರದು. 5 ಸೆಕೆಂಡು ತಪ್ಪಿತು ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಮಂಜೇಶ್ವರ ಎರಡೂಕಾಲು ಕಿ.ಮೀ. ಸರಿದಾಯಿತು. ತಿಂಗಳಿಗೆ 15 ಸೆಕೆಂಡು ತಪ್ಪುವ ಸಾಧಾರಣ ಬ್ಯಾಟರಿ ವಾಚಿನ ದಿನದ ಪಾಲು ಅರ್ಧ ಸೆಕೆಂಡು, ಅಂದರೆ 225 ಮೀಟರ್. ಆಪಲ್ ವಾಚು ಜಾಗತಿಕ ಸಮಯದಿಂದ 50 ಮಿಲಿಸೆಕೆಂಡಿಗಿಂತ ಆಚೀಚೆ ಹೋಗುವುದಿಲ್ಲ ಎಂದು ಆ ಕಂಪನಿ ಹೇಳಿಕೊಂಡಿದೆ. ಅಷ್ಟರಲ್ಲಿ ಊರು ಸರಿಯುವುದು 22 ಮೀಟರ್. ಈ ತಪ್ಪು ದಿನದಿಂದ ದಿನಕ್ಕೆ ಬೆಳೆಯುವುದೂ ಇಲ್ಲ. ಫೋನು, ಇಂಟರ್ನೆಟ್ಟು, ಉಪಗ್ರಹಗಳ ಮೂಲಕ ಅದು ಮತ್ತೆಮತ್ತೆ ತಿದ್ದಿಕೊಳ್ಳುತ್ತದೆ.

ಇನ್ನು ಈ ಪಟ್ಟಿಯ ಪಕ್ಕದಲ್ಲಿ ಬೆಲೆ ಬರೆಯಿರಿ. 2019ರ ನವೆಂಬರ್‌ನಲ್ಲಿ ಜಿನೀವಾದ ಧರ್ಮಾರ್ಥ ಹರಾಜೊಂದರಲ್ಲಿ ಪಾಟೆಕ್ ಫಿಲಿಪ್ ಕಂಪನಿಯ ಒಂದು ಕೈಗಡಿಯಾರ 3.1 ಕೋಟಿ ಸ್ವಿಸ್ ಫ್ರಾಂಕಿಗೆ ಹೋಯಿತು. ಆಗಿನ ದರದಲ್ಲಿ ಸುಮಾರು 220 ಕೋಟಿ ರೂಪಾಯಿ. ಅದರ ಯಂತ್ರದೊಳಗೆ 1,366 ಬಿಡಿಭಾಗಗಳಿವೆ. ಈ ದರ್ಜೆಯ ವಾಚುಗಳಿಗೂ ದಿನಕ್ಕೆ ಎರಡು ಸೆಕೆಂಡು ಆಚೀಚೆ ಆಗುವುದು ಒಪ್ಪಿತವೇ. ಅಂದರೆ ತಿಂಗಳಿಗೆ ಒಂದು ನಿಮಿಷ. ಪೇಟೆಯ ಅಂಗಡಿಯಲ್ಲಿ ಐನೂರು ರೂಪಾಯಿಗೆ ಸಿಗುವ ಬ್ಯಾಟರಿ ವಾಚು ಅದಕ್ಕಿಂತ ನಾಲ್ಕು ಪಟ್ಟು ನಿಖರ. ಜಗತ್ತಿನಲ್ಲಿ ಇಂಥ ಸರಕು ಇನ್ನೊಂದಿರಲಿಕ್ಕಿಲ್ಲ: ಕೊಟ್ಟ ದುಡ್ಡು ಏರಿದಷ್ಟೂ ಹೇಳಿಕೊಂಡ ಕೆಲಸದಲ್ಲಿ ಸೋಲುತ್ತ ಹೋಗುವುದು.

ಮೊದಲಿನಿಂದ ಹೀಗಿರಲಿಲ್ಲ. ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಜಪಾನಿನ ಸೈಕೋ ಕಂಪನಿ 1969ರ ಡಿಸೆಂಬರ್ 25ರಂದು ಮಾರಾಟಕ್ಕೆ ಇಟ್ಟಾಗ ಅದರ ಬೆಲೆ 4,50,000 ಯೆನ್. ಆಗ ಅಲ್ಲಿ ಆ ದುಡ್ಡಿಗೆ ಸಣ್ಣ ಕಾರು ಬರುತ್ತಿತ್ತು. ನಿಖರತೆ ಶ್ರೀಮಂತರ ಸೊತ್ತಾಗಿದ್ದದ್ದು ಆ ಸ್ವಲ್ಪ ಕಾಲ ಮಾತ್ರ. ಕ್ವಾರ್ಟ್ಜ್ ಹರಳಿನ ಬೆಲೆ ಇಳಿಯುತ್ತಿದ್ದಂತೆ ಸ್ವಿಟ್ಜರ್‌ಲ್ಯಾಂಡಿನ ವಾಚು ಉದ್ಯಮವೇ ಕುಸಿಯಿತು. 1970ರಲ್ಲಿ ಸುಮಾರು 90,000 ಇದ್ದ ಕೆಲಸಗಾರರು ಎಂಬತ್ತರ ದಶಕದ ನಡುವಿಗೆ 30,000ದ ಆಸುಪಾಸಿಗೆ ಬಂದರು.

ಹರಳು ಮಾಡುವುದಾದರೂ ಏನು? ವಾಚಿನೊಳಗಿನ ಕ್ವಾರ್ಟ್ಜ್ ಚೂರು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು ಉಳಿಯುತ್ತದೆ, ಅದಕ್ಕಾಗಿಯೇ ಅದನ್ನು ಆರಿಸಿದ್ದು. ಒಂದು ದಿನಕ್ಕೆ ಲೆಕ್ಕ ಹಾಕಿದರೆ 283 ಕೋಟಿ ಕಂಪನ. ಈಗ ಎದೆಯ ಮೇಲೆ ಕೈಯಿಡಿ. ನಿಮಿಷಕ್ಕೆ 72ರಂತೆ ಹೃದಯ ದಿನಕ್ಕೆ ಒಂದು ಲಕ್ಷ ಚಿಲ್ಲರೆ ಸಲ ಬಡಿಯುತ್ತದೆ. ಈ ಲೆಕ್ಕದಲ್ಲಿ 283 ಕೋಟಿ ಬಡಿತ ಮುಗಿಸಲು ಸುಮಾರು 75 ವರ್ಷ ಬೇಕು. ಒಂದು ತುಂಬು ಜೀವಮಾನದ ಮಿಡಿತಗಳನ್ನೆಲ್ಲ ಐನೂರು ರೂಪಾಯಿಯ ವಾಚು ಇಂದು ಬೆಳಿಗ್ಗೆಯಿಂದ ನಾಳೆ ಬೆಳಿಗ್ಗೆಯೊಳಗೆ ಮುಗಿಸಿಬಿಡುತ್ತದೆ.

ನಮ್ಮ ಕಡೆಯ ಮದುವೆಗಳಲ್ಲಿ ಮುಹೂರ್ತಕ್ಕೆ ಇಡುತ್ತಿದ್ದ ಗಳಿಗೆ ಬಟ್ಟಲನ್ನು ಈ ಸಾಲಿನಲ್ಲಿ ನಿಲ್ಲಿಸಿ ನೋಡಿ. ತಳದಲ್ಲಿ ಸಣ್ಣ ತೂತಿರುವ ಬಟ್ಟಲು ನೀರಿನಲ್ಲಿ ತೇಲುತ್ತ ತುಂಬಿ ಮುಳುಗುವಷ್ಟು ಹೊತ್ತು ಒಂದು ಗಳಿಗೆ, 24 ನಿಮಿಷ. ದಿನಕ್ಕೆ ಅದರ ಎಣಿಕೆ 60. ಎಚ್.ಎಂ.ಟಿ.ಯ ಕೀ ಕೊಡುವ ‘ಜನತಾ’ ವಾಚು ಸೆಕೆಂಡಿಗೆ ಐದು ಸಲ ಬಡಿಯುತ್ತದೆ, ದಿನಕ್ಕೆ 4,32,000. ಇಂದಿನ ಹೆಚ್ಚಿನ ಸ್ವಿಸ್ ಸ್ಪ್ರಿಂಗ್ ವಾಚುಗಳು ಸೆಕೆಂಡಿಗೆ ಎಂಟು, ದಿನಕ್ಕೆ 6,91,200. ಹರಳಿನದು 283 ಕೋಟಿ. ಜಗತ್ತಿನ ಸೆಕೆಂಡನ್ನು ನಿರ್ಧರಿಸುವ ಸೀಸಿಯಂ ಪರಮಾಣುವಿನ ವಿಕಿರಣಕ್ಕೆ ಸೆಕೆಂಡಿಗೆ 9,19,26,31,770 ಆವರ್ತನ. ದಿನಕ್ಕೆ ಎಣಿಸಿದರೆ ಸುಮಾರು ಎಂಟು ಕೋಟಿ ಕೋಟಿ. ಸ್ಮಾರ್ಟ್ ವಾಚು ತೋರಿಸುವುದು ಕೊನೆಗೆ ಇಂಥ ಪರಮಾಣು ಗಡಿಯಾರಗಳ ಸಮಯವನ್ನೇ. ನಡುವೆ ಎಷ್ಟೋ ಕೈ ದಾಟಿ ಬರುತ್ತದೆ, ಅಷ್ಟೆ.

ಹಾಗಾದರೆ ಸ್ಪ್ರಿಂಗಿನ ವಾಚು ಸೋತ ಹಾಗೆಯೇ? ಶಕ್ತಿಯ ಲೆಕ್ಕ ಹಾಕಿದರೆ ಮಾತು ತಿರುಗುತ್ತದೆ. ಪೂರ್ತಿ ಕೀ ಕೊಟ್ಟ ಕೈಗಡಿಯಾರದ ಸ್ಪ್ರಿಂಗಿನಲ್ಲಿ ಇರುವ ಶಕ್ತಿ ಹೆಚ್ಚುಕಡಿಮೆ ಅರ್ಧ ಜೂಲ್. ಐವತ್ತು ಗ್ರಾಂ ತೂಗುವ ಒಂದು ದಪ್ಪ ಅಡಿಕೆ ಹಣ್ಣನ್ನು ನೆಲದಿಂದ ಹೆಕ್ಕಿ ಸೊಂಟದೆತ್ತರಕ್ಕೆ, ಒಂದು ಮೀಟರ್ ಮೇಲಕ್ಕೆ, ತರಲು ಬೇಕಾದಷ್ಟೇ ಅದು. ಅಷ್ಟರಲ್ಲಿ ವಾಚು ನಲವತ್ತು ಗಂಟೆ ನಡೆಯುತ್ತದೆ. ಸ್ಮಾರ್ಟ್ ವಾಚಿನ ಬ್ಯಾಟರಿಯಲ್ಲಿ ಸುಮಾರು 4,000 ಜೂಲ್ ಇರುತ್ತದೆ. ಅದೇ ಅಡಿಕೆಯನ್ನು ಎಂಟು ಕಿಲೋಮೀಟರ್ ಎತ್ತರಕ್ಕೆ ಒಯ್ಯಬಹುದಾದ ಶಕ್ತಿ. ಆಪಲ್ ವಾಚಿನ ಹಲವು ಮಾದರಿಗಳಲ್ಲಿ ಅದು ಬಾಳುವುದು 18 ಗಂಟೆ. ಗಂಟೆಗೆ ಇಷ್ಟು ಎಂದು ಭಾಗಿಸಿದರೆ ಹದಿನೆಂಟು ಸಾವಿರ ಪಟ್ಟು ಅಂತರ.

ಆ ಅರ್ಧ ಜೂಲಿನಲ್ಲಿ ನಡೆಯುವ ಕೆಲಸವನ್ನು ಅಳೆದರೆ ಇನ್ನೂ ಬೆರಗು. ವಾಚಿನೊಳಗೆ ಅತ್ತಿಂದಿತ್ತ ತಿರುಗುವ ಬ್ಯಾಲೆನ್ಸ್ ಚಕ್ರದ ಅಗಲ ಹತ್ತು ಮಿಲಿಮೀಟರ್, ಅದು ಒಂದೊಂದು ಕಡೆಗೆ 280 ಡಿಗ್ರಿ ವಾಲುತ್ತದೆ ಎಂದಿಟ್ಟುಕೊಳ್ಳಿ. ಒಂದು ಬಡಿತಕ್ಕೆ ಅದರ ಅಂಚು ಸುಮಾರು 49 ಮಿಲಿಮೀಟರ್ ಸಾಗುತ್ತದೆ. ಸೆಕೆಂಡಿಗೆ ಐದು ಬಡಿತವಾದರೆ ದಿನಕ್ಕೆ 21 ಕಿ.ಮೀ., ಮಂಜೇಶ್ವರದಿಂದ ತಲಪಾಡಿ ಗಡಿ ದಾಟಿ ಮಂಗಳೂರು ಮುಟ್ಟುವಷ್ಟು ದಾರಿ. ಎಂಟು ಬಡಿತದ ಚಕ್ರವಾದರೆ 34 ಕಿ.ಮೀ., ದಕ್ಷಿಣಕ್ಕೆ ಹೊರಟರೆ ಕುಂಬಳೆ ಹಾದು ಕಾಸರಗೋಡು ಪೇಟೆಯ ತನಕ. ವರ್ಷವಿಡೀ, ರಜೆಯಿಲ್ಲದೆ. ಇಷ್ಟು ಓಡಿಯೂ ದಿನದ 86,400 ಸೆಕೆಂಡುಗಳಲ್ಲಿ ತಪ್ಪುವುದು ನಾಲ್ಕೋ ಐದೋ. ಶೇಕಡಾ 99.99 ಎಂದರೂ 8.64 ಸೆಕೆಂಡು ತಪ್ಪಲು ಅವಕಾಶವಿದೆ. ಹಲ್ಲಿನ ಚಕ್ರ, ಸ್ಪ್ರಿಂಗು, ಒಂದು ತೊಟ್ಟು ಎಣ್ಣೆ ಸೇರಿ ಆ ಗೆರೆಯನ್ನೂ ದಾಟಿವೆ. ಮನುಷ್ಯ ಕೈಯಿಂದ ಜೋಡಿಸಿದ ಯಂತ್ರ ಇದಕ್ಕಿಂತ ಹೆಚ್ಚೇನು ಮಾಡಬೇಕು?

ಆಯುಷ್ಯದ ಲೆಕ್ಕವೂ ಇದೆ. ‘ಜನತಾ’ ವರ್ಷಕ್ಕೆ 15.77 ಕೋಟಿ ಸಲ ಬಡಿಯುತ್ತದೆ. ಐವತ್ತು ವರ್ಷ ನಡೆದ ವಾಚು, ಅಂಥವು ನಮ್ಮ ಎಷ್ಟೋ ಮನೆಗಳ ಕಪಾಟಿನಲ್ಲಿವೆ, 788 ಕೋಟಿ ಬಡಿತ ಮುಗಿಸಿರುತ್ತದೆ. ಮೂರು ತಲೆಮಾರಿನ ಹೃದಯಗಳು ಸೇರಿ ಮಾಡುವಷ್ಟು ಕೆಲಸ. ಇತ್ತ ಆಪಲ್ ತನ್ನ ಒಂಬತ್ತನೇ ಸರಣಿಯ ವಾಚಿನ ಚಿಪ್ಪಿನೊಳಗೆ 560 ಕೋಟಿ ಟ್ರಾನ್ಸಿಸ್ಟರ್‌ಗಳಿವೆ ಎನ್ನುತ್ತದೆ. ಜಗತ್ತಿನ ಅತ್ಯಂತ ಜಟಿಲ ಯಾಂತ್ರಿಕ ವಾಚೆಂದು ಹೆಸರಾದ, ವಾಶೆರಾನ್ ಕಾನ್‌ಸ್ಟಂಟಿನ್ 2024ರಲ್ಲಿ ತೋರಿಸಿದ ಜೇಬುಗಡಿಯಾರದಲ್ಲಿ ಇರುವುದು 2,877 ಭಾಗ. ಆದರೂ ಆಪಲ್ ವಾಚಿನ ಬ್ಯಾಟರಿ ಸಾವಿರ ಸಲ ಚಾರ್ಜ್ ಆಗುವ ಹೊತ್ತಿಗೆ, ಅಂದರೆ ಮೂರು ವರ್ಷದ ಸುಮಾರಿಗೆ, ತನ್ನ ತಾಕತ್ತಿನ ಐದನೇ ಒಂದು ಭಾಗ ಕಳೆದುಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಸಾಫ್ಟ್‌ವೇರ್ ಕೈಬಿಡುವುದೂ ಉಂಟು. 2015ರಲ್ಲಿ ಆಪಲ್ ಹದಿನೆಂಟು ಕ್ಯಾರಟ್ ಚಿನ್ನದ ವಾಚು ತಂದಿತ್ತು, ಬೆಲೆ 10,000 ಡಾಲರಿನಿಂದ 17,000 ಡಾಲರ್. 2018ರಲ್ಲಿ ಬಂದ ಹೊಸ ಸಾಫ್ಟ್‌ವೇರ್ ಆ ಮಾದರಿಗೆ ಹೊಂದಲಿಲ್ಲ. ಮೂರೇ ವರ್ಷ. ಚಿನ್ನ ಚಿನ್ನವಾಗಿಯೇ ಉಳಿಯಿತು, ಒಳಗಿನದು ಹಳತಾಯಿತು.

ಎಚ್.ಎಂ.ಟಿ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಸತೊಡಗಿತು. ಹೊಸೂರಿನಲ್ಲಿ ಟೈಟಾನ್ ಕ್ವಾರ್ಟ್ಜ್ ವಾಚು ತಂದ ಮೇಲೆ ಎಚ್.ಎಂ.ಟಿ.ಯ ಇಳಿಗಾಲ ಶುರುವಾಯಿತು. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಅರ್ಧ ಶತಮಾನದಲ್ಲಿ ಅದು ಮಾಡಿದ ವಾಚುಗಳು ಹತ್ತು ಕೋಟಿಗೂ ಹೆಚ್ಚು. ಮಾರುಕಟ್ಟೆ ಸಮೀಕ್ಷೆ ಮಾಡುವ ಐ.ಡಿ.ಸಿ. ಸಂಸ್ಥೆಯ ಅಂದಾಜಿನಂತೆ ಭಾರತದ ಅಂಗಡಿಗಳಿಗೆ 2023 ಒಂದೇ ವರ್ಷದಲ್ಲಿ ಬಂದ ಸ್ಮಾರ್ಟ್ ವಾಚುಗಳು 5.34 ಕೋಟಿ. ಒಂದು ದೇಶದ ಮೂರು ಪೀಳಿಗೆಯ ಕೈಗೆ ಕಟ್ಟಿದ ಸಂಖ್ಯೆಯ ಅರ್ಧದಷ್ಟು, ಹನ್ನೆರಡು ತಿಂಗಳಲ್ಲಿ. ಮರುವರ್ಷವೇ ಅದು 3.5 ಕೋಟಿಗೆ ಇಳಿಯಿತು. ಅದೇ 2023ರಲ್ಲಿ ಸ್ವಿಟ್ಜರ್‌ಲ್ಯಾಂಡ್ ಇಡೀ ಜಗತ್ತಿಗೆ ಕಳಿಸಿದ್ದು 1.69 ಕೋಟಿ ವಾಚು. ಒಟ್ಟು ರಫ್ತು ಮಾತ್ರ 2,670 ಕೋಟಿ ಫ್ರಾಂಕ್, ಅಲ್ಲಿಯವರೆಗಿನ ದಾಖಲೆ. ಸರಾಸರಿ ತೆಗೆದರೆ ಒಂದು ವಾಚಿಗೆ ರಫ್ತು ಬೆಲೆಯೇ ಸುಮಾರು 1,500 ಫ್ರಾಂಕ್, ಆಗಿನ ದರದಲ್ಲಿ ಒಂದು ಲಕ್ಷ ನಲವತ್ತು ಸಾವಿರ ರೂಪಾಯಿ. ಸಮಯ ಪುಕ್ಕಟೆಯಾದ ಮೇಲೆ ವಾಚಿನ ಬೆಲೆ ಬಿದ್ದುಹೋಗಬೇಕಿತ್ತು. ಆದದ್ದು ತಿರುಗುಮುರುಗು.

ಸಮಯದ ಇನ್ನೊಂದು ಮಾರುಕಟ್ಟೆಯಲ್ಲಿ ಮಾತ್ರ ಅಂದಕ್ಕೆ ಬೆಲೆಯಿಲ್ಲ. ದಾರಿ ತೋರಿಸುವ ಉಪಗ್ರಹದ ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ ನೆಲದ ಮೇಲೆ ಜಾಗ 300 ಮೀಟರ್ ತಪ್ಪುತ್ತದೆ, ಏಕೆಂದರೆ ಅಷ್ಟು ಹೊತ್ತಿನಲ್ಲಿ ಬೆಳಕು ಸಾಗುವುದು ಅಷ್ಟು ದೂರ. ಇಸ್ರೋ 2013ರ ಜುಲೈ 1ರಂದು ಹಾರಿಸಿದ ಐ.ಆರ್.ಎನ್.ಎಸ್.ಎಸ್.-1ಎ ಉಪಗ್ರಹದಲ್ಲಿ ಮೂರು ರುಬಿಡಿಯಂ ಗಡಿಯಾರಗಳಿದ್ದವು, ಮೂರೂ ಸ್ವಿಟ್ಜರ್‌ಲ್ಯಾಂಡಿನವು. ಮೂರೂ ಕೆಟ್ಟವು. 2023ರ ಮೇ 29ರಂದು ಹಾರಿದ ಎನ್.ವಿ.ಎಸ್.-01ರಲ್ಲಿ ಮೊದಲ ಸಲ ಸ್ವದೇಶಿ ಪರಮಾಣು ಗಡಿಯಾರ ಹೋಯಿತು. ಎಚ್.ಎಂ.ಟಿ.ಯ ತುಮಕೂರಿನ ಕಾರ್ಖಾನೆ ಜಾಗ ಸೇರಿದ್ದೂ ಇಸ್ರೋಗೇ.

ಇಷ್ಟೆಲ್ಲ ನಿಖರತೆ ಯಾರ ಸಮಯಕ್ಕೆ? ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಮಂಜೇಶ್ವರ ಇರುವುದು 74.9ರ ಸಮೀಪ. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿಯ ಸೂರ್ಯ ಸರಾಸರಿ ಅರ್ಧ ಗಂಟೆ ತಡ. ಸ್ಮಾರ್ಟ್ ವಾಚು 50 ಮಿಲಿಸೆಕೆಂಡೂ ತಪ್ಪದೆ ಹನ್ನೆರಡು ಎಂದಾಗ ಈ ಊರಿನ ಬಿಸಿಲು ಹನ್ನೊಂದೂವರೆ ಎನ್ನುತ್ತಿರುತ್ತದೆ. ವಾಚು ಹೆಮ್ಮೆಪಡುವ ನಿಖರತೆಗಿಂತ 36,000 ಪಟ್ಟು ದೊಡ್ಡ ವ್ಯತ್ಯಾಸ. ಅದು ಯಾರಿಗೂ ತೊಂದರೆ ಕೊಡುತ್ತಿಲ್ಲ, ಏಕೆಂದರೆ ರೈಲು, ಶಾಲೆ, ಬ್ಯಾಂಕು ಎಲ್ಲವೂ ಒಂದೇ ಒಪ್ಪಂದಕ್ಕೆ ಬಂದಿವೆ. ಬದುಕಿಗೆ ಬೇಕಾದದ್ದು ಆ ಒಪ್ಪಂದ. ಅದು ಪ್ರತಿಯೊಬ್ಬರ ಫೋನಿನಲ್ಲಿದೆ.

ಸಮಯವನ್ನು ಗಟ್ಟಿಯಾಗಿ ಹಿಡಿಯಲು ದುಬಾರಿ ವಾಚು ಬೇಕಿಲ್ಲ ಎನ್ನಲು ಇಲ್ಲಿಯವರೇ ಸಾಕ್ಷಿ. ಮಂಜೇಶ್ವರ ಗೋವಿಂದ ಪೈ ಪಂಚಾಂಗದ ತಿಥಿ, ವಾರ, ನಕ್ಷತ್ರಗಳ ಲೆಕ್ಕ ಕೂಡಿಸಿ ಶ್ರವಣಬೆಳಗೊಳದ ಗೊಮ್ಮಟನ ಪ್ರತಿಷ್ಠೆ 981ರ ಮಾರ್ಚ್ 13ರಂದು ಆಯಿತೆಂದು ವಾದಿಸಿದರು. ಬೇರೆ ವಿದ್ವಾಂಸರು ಬೇರೆ ದಿನ ಹೇಳಿದ್ದಾರೆ, ಚರ್ಚೆ ಇದ್ದೇ ಇದೆ. ಆ ದಿನ ಒಂದು ಸ್ವಿಸ್ ಕ್ರೊನೋಮೀಟರಿಗೆ ಕೀ ಕೊಟ್ಟು, ಎಂದೂ ತಿದ್ದದೆ, ದಿನಕ್ಕೆ 5 ಸೆಕೆಂಡು ಮುಂದೆ ಓಡಲು ಬಿಟ್ಟಿದ್ದರೆ ಇಂದಿಗೆ ಅದು 22 ದಿನ ಮುಂದಿರುತ್ತಿತ್ತು. ಸ್ಮಾರ್ಟ್ ವಾಚಾಗಿದ್ದರೆ ಸಮಯ ಸರಿಯಿರುತ್ತಿತ್ತು, ಆದರೆ ಐದು ಲಕ್ಷ ಸಲ ಚಾರ್ಜಿಗೆ ಹಾಕಬೇಕಿತ್ತು.

ಆದ್ದರಿಂದ ದುಬೈಯ ಫೋನಿಗೆ ಉತ್ತರ ಕಷ್ಟವಲ್ಲ. ಮನೆಯಲ್ಲಿ ಹೃದಯದ ಬಡಿತದ ಮೇಲೆ, ನಡಿಗೆಯ ಮೇಲೆ ಕಣ್ಣಿಡಬೇಕಾದವರು ಇದ್ದರೆ ಸ್ಮಾರ್ಟ್ ವಾಚ್ ತರಲಿ. ಮೂರು ನಾಲ್ಕು ವರ್ಷದಲ್ಲಿ ಸವೆದುಹೋಗುವ ವಸ್ತು ಎಂದೇ ತರಲಿ, ಅದಕ್ಕೆ ಚಿನ್ನದ ಕವಚ ಬೇಡ. ಚಕ್ರ ತಿರುಗುವುದನ್ನು ನೋಡುವ ಖುಷಿ ಬೇಕಿದ್ದರೆ ಕೀ ಕೊಡುವ ವಾಚು ತರಲಿ. ಆ ಅರ್ಧ ಜೂಲಿನ ಪವಾಡ ಕೆಲವೇ ಸಾವಿರದ ಹಳೆಯ ಎಚ್.ಎಂ.ಟಿ.ಯಲ್ಲಿಯೂ ಅದೇ. ಐದು ಲಕ್ಷದ ಸ್ವಿಸ್ ವಾಚೇ ಬೇಕೆಂದರೆ ಒಂದು ಕಳೆಯುವ ಲೆಕ್ಕ ಮಾಡಲಿ. ಅದರಲ್ಲಿ ಸಮಯದ ಪಾಲು ಐನೂರು ರೂಪಾಯಿ. ಉಳಿದ 4,99,500 ಯಾವುದಕ್ಕೆ ಎಂದು ಮನೆಯವರೆದುರು ತಡವರಿಸದೆ ಹೇಳಲು ಬಂದರೆ ಧಾರಾಳವಾಗಿ ಕೊಳ್ಳಲಿ.