ಕರುಳಶುದ್ಧಿ ಮತ್ತು ಕೊಲೊನಾಸ್ಕೋಪಿ ತಪಾಸಣೆಯ ವಿಶ್ವಾಸಾರ್ಹತೆ

ಉಪಕರಣದ ನೆರವಿನಿಂದ ನಡೆಸುವ ಯಾವ ವೀಕ್ಷಣೆಯಲ್ಲಿಯೂ ‘ಕಾಣಲಿಲ್ಲ’ ಎಂಬುದು ಬೇರೆ, ‘ಇಲ್ಲ’ ಎಂಬುದು ಬೇರೆ. ಮಸೂರವು ಎಷ್ಟೇ ಉತ್ತಮವಾಗಿದ್ದರೂ ನೋಡಬೇಕಾದ ಮೇಲ್ಮೈ ಮುಚ್ಚಿಹೋಗಿದ್ದರೆ ಅದರಿಂದ ಪ್ರಯೋಜನವಿಲ್ಲ. ದೊಡ್ಡ ಕರುಳಿನ ಕ್ಯಾನ್ಸರನ್ನು ತಡೆಗಟ್ಟುವ ಸಲುವಾಗಿ ನಡೆಸುವ ಕೊಲೊನಾಸ್ಕೋಪಿ ತಪಾಸಣೆಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ತಪಾಸಣೆಗೆ ಮುನ್ನ ಕರುಳನ್ನು ಶುದ್ಧಗೊಳಿಸುವ ಕ್ರಮವು ತಪಾಸಣೆಯ ಫಲವನ್ನು ಹೇಗೆ ನಿರ್ಧರಿಸುತ್ತದೆಂಬುದನ್ನು ಪ್ರಕೃತ ಲೇಖನದಲ್ಲಿ ನಾವು ವಿವೇಚಿಸಲಿದ್ದೇವೆ.

ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ಬಹುಪಾಲು ಅದರ ಒಳಪೊರೆಯ ಮೇಲೆ ತಲೆದೋರುವ ಪಾಲಿಪ್‌ಗಳಿಂದ, ಅದರಲ್ಲಿಯೂ ‘ಅಡಿನೋಮ’ವೆಂಬ ಬಗೆಯವುಗಳಿಂದ, ಹಲವು ವರ್ಷಗಳ ಅವಧಿಯಲ್ಲಿ ರೂಪುಗೊಳ್ಳುತ್ತವೆ. 1969ರಲ್ಲಿ ನ್ಯೂಯಾರ್ಕಿನ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ ಎಂಬ ಶಸ್ತ್ರವೈದ್ಯರು, ಹೊಟ್ಟೆಯನ್ನು ಕೊಯ್ಯದೆ, ಕೊಲೊನಾಸ್ಕೋಪಿನ ಮೂಲಕ ತಂತಿಯ ಕುಣಿಕೆಯನ್ನು ಹಾಯಿಸಿ ಪಾಲಿಪನ್ನು ತೆಗೆದರು. ಹೀಗೆ ರೋಗವನ್ನು ಗುರುತಿಸುವ ಸಾಧನವು ರೋಗವನ್ನು ತಡೆಯುವ ಸಾಧನವೂ ಆಯಿತು. ಅಮೆರಿಕದಲ್ಲಿ ವಿಶೇಷ ಅಪಾಯವಿಲ್ಲದವರೂ 45ನೆಯ ವಯಸ್ಸಿನಿಂದ ತಪಾಸಣೆಯನ್ನು ಆರಂಭಿಸಬೇಕೆಂಬ ಸಲಹೆಯಿದೆ; ಕೊಲೊನಾಸ್ಕೋಪಿಯಲ್ಲಿ ಏನೂ ಕಾಣದಿದ್ದರೆ ಮುಂದಿನ ತಪಾಸಣೆ 10 ವರ್ಷಗಳ ಅನಂತರ. ಆದುದರಿಂದ ಒಂದು ದಿನದ ಮಸುಕು 10 ವರ್ಷಗಳ ಹುಸಿ ಭರವಸೆಯಾಗಿ ಪರಿಣಮಿಸಬಹುದು.

ಶುದ್ಧೀಕರಣಕ್ಕೆ ಬಳಸಿದ ದ್ರವ್ಯಗಳ ಇತಿಹಾಸವೂ ಬೋಧಪ್ರದವಾಗಿದೆ. ಮ್ಯಾನಿಟಾಲ್ ಎಂಬ ವಸ್ತುವನ್ನು ಕರುಳಿನ ಬ್ಯಾಕ್ಟೀರಿಯಗಳು ಹುದುಗಿಸಿ ಹೈಡ್ರೊಜನ್ ಅನಿಲವನ್ನು ಉಂಟುಮಾಡುತ್ತವೆ. ಪಾಲಿಪನ್ನು ವಿದ್ಯುತ್ತಿನಿಂದ ತೆಗೆಯುವಾಗ ಇಂತಹ ಸ್ಫೋಟದಿಂದ ರೋಗಿಯು ಮೃತಪಟ್ಟ ಪ್ರಸಂಗವನ್ನು 1979ರಲ್ಲಿ ಫ್ರೆಂಚ್ ವೈದ್ಯರು ವರದಿಮಾಡಿದರು. 1980ರಲ್ಲಿ ಡೇವಿಸ್, ಫೋರ್ಡ್‌ಟ್ರಾನ್ ಮತ್ತು ಅವರ ಸಹೋದ್ಯೋಗಿಗಳು ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಲವಣಗಳ ದ್ರಾವಣವೊಂದನ್ನು ಪ್ರಕಟಿಸಿದರು. ಇದನ್ನು ಕರುಳು ಬಹುಮಟ್ಟಿಗೆ ಹೀರಿಕೊಳ್ಳುವುದಿಲ್ಲ. ಶರೀರದ ನೀರು ಲವಣಗಳ ಸಮತೋಲವನ್ನು ಹೆಚ್ಚು ಕದಡದೆ ಅದು ಕರುಳನ್ನು ತೊಳೆದುಕೊಂಡು ಹೋಗುತ್ತದೆ. ಆದರೆ 4 ಲೀಟರುಗಳಷ್ಟನ್ನು ಕುಡಿಯುವುದು ಸುಲಭವಲ್ಲ. ಅಲ್ಪ ಪ್ರಮಾಣದಲ್ಲಿಯೇ ಕೆಲಸಮಾಡುವ ಸೋಡಿಯಂ ಫಾಸ್ಫೇಟ್ ಜನಪ್ರಿಯವಾಯಿತಾದರೂ ಕೆಲವರಲ್ಲಿ ಮೂತ್ರಪಿಂಡಗಳಿಗೆ ಹಾನಿಯುಂಟಾದುದರಿಂದ 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದರ ಬಗ್ಗೆ ತೀವ್ರ ಎಚ್ಚರಿಕೆಯನ್ನು ನೀಡಿತು.

ದ್ರವ್ಯದಷ್ಟೇ ಮುಖ್ಯವಾದುದು ಕಾಲ. ಸಣ್ಣ ಕರುಳು ರಾತ್ರಿಯೆಲ್ಲ ಸುಮ್ಮನಿರುವುದಿಲ್ಲ. ಅದರ ರಸಗಳು, ಪಿತ್ತ ಮತ್ತು ಲೋಳೆ ದೊಡ್ಡ ಕರುಳಿನ ಬಲಭಾಗಕ್ಕೆ ಬಂದು ಸೇರುತ್ತಲೇ ಇರುತ್ತವೆ. ಔಷಧವನ್ನೆಲ್ಲ ಹಿಂದಿನ ಸಂಜೆಯೇ ಕುಡಿದು ಮುಗಿಸಿದರೆ ಬೆಳಗಾಗುವಷ್ಟರಲ್ಲಿ ತೊಳೆದ ಗೋಡೆಯ ಮೇಲೆ ಹೊಸ ಲೇಪ ಕುಳಿತಿರುತ್ತದೆ. ತೆಳುವಾಗಿ ಹರಡಿ, ಸ್ವತಃ ಲೋಳೆಯ ಹೊದಿಕೆಯುಳ್ಳ ಚಪ್ಪಟೆ ಪಾಲಿಪ್‌ಗಳು ಹೆಚ್ಚಾಗಿ ಇದೇ ಬಲಭಾಗದಲ್ಲಿರುತ್ತವೆ. ಆದುದರಿಂದ ಅರ್ಧವನ್ನು ಹಿಂದಿನ ಸಂಜೆಯೂ ಉಳಿದರ್ಧವನ್ನು ತಪಾಸಣೆಗೆ 4ರಿಂದ 6 ಗಂಟೆಗಳ ಮುಂಚೆ ಆರಂಭಿಸಿ, ಕನಿಷ್ಠ 2 ಗಂಟೆಗಳ ಮುಂಚೆ ಮುಗಿಯುವಂತೆಯೂ ಕುಡಿಯುವ ವಿಭಜಿತ ಕ್ರಮ ರೂಢಿಗೆ ಬಂದಿದೆ. ನಸುಕಿನಲ್ಲಿ ಏಳಬೇಕಾದ ಪ್ರಯಾಸವು ಇದರ ಬೆಲೆ; ಬಲಭಾಗದ ಸ್ಪಷ್ಟ ದರ್ಶನವು ಇದರ ಫಲ.

ಶುದ್ಧಿಯನ್ನು ಅಳೆಯುವುದು ಹೇಗೆ? 2009ರಲ್ಲಿ ಪ್ರಕಟವಾದ ಬಾಸ್ಟನ್ ಮಾನಕವು ದೊಡ್ಡ ಕರುಳನ್ನು ಬಲ, ಮಧ್ಯ, ಎಡವೆಂದು ಮೂರು ಭಾಗಗಳಾಗಿ ವಿಂಗಡಿಸಿ, ವೈದ್ಯರು ಸಾಧ್ಯವಾದಷ್ಟೂ ತೊಳೆದು ಹೀರಿದ ಮೇಲೆ ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕಗಳನ್ನು ಕೊಡುತ್ತದೆ. ಪ್ರತಿಯೊಂದು ಭಾಗಕ್ಕೂ ಕನಿಷ್ಠ 2 ಅಂಕಗಳು ದೊರೆತರೆ ಶುದ್ಧಿ ಸಾಲುವಂತಹುದು. ಮೊತ್ತವು ಮೋಸಗೊಳಿಸಬಹುದು: ಎರಡು ಭಾಗಗಳಿಗೆ ಮೂರು ಮೂರು, ಬಲಭಾಗಕ್ಕೆ ಸೊನ್ನೆ ಬಂದರೂ ಮೊತ್ತ 6 ಆಗುತ್ತದೆ, ಆದರೆ ಬಲಭಾಗವನ್ನು ನೋಡಿದಂತಾಗಲಿಲ್ಲ.

ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದ 12,787 ಕೊಲೊನಾಸ್ಕೋಪಿಗಳಲ್ಲಿ ಶೇಕಡಾ 24ರಲ್ಲಿ ಶುದ್ಧಿಯು ತೃಪ್ತಿಕರವಾಗಿರಲಿಲ್ಲ. ಅಂತಹವರಲ್ಲಿ ಕೆಲವರನ್ನು ಉತ್ತಮ ಶುದ್ಧಿಯ ಅನಂತರ ಮತ್ತೆ ಪರೀಕ್ಷಿಸಿದಾಗ, ಎರಡು ಪರೀಕ್ಷೆಗಳಲ್ಲಿಯೂ ಸೇರಿ ಕಂಡ ಅಡಿನೋಮಗಳಲ್ಲಿ ಶೇಕಡಾ 42 ಎರಡನೆಯ ಪರೀಕ್ಷೆಯಲ್ಲಿ ಮಾತ್ರ ಕಂಡವು. ಮರುಪರೀಕ್ಷೆಗೆ ಬಂದವರು ಎಲ್ಲರ ಪ್ರತಿನಿಧಿಗಳಲ್ಲವೆಂಬುದನ್ನು ಒಪ್ಪಿದರೂ ಈ ಅಂಕಿ ಕಡೆಗಣಿಸತಕ್ಕದ್ದಲ್ಲ. ಕ್ಯಾಲಿಫೋರ್ನಿಯದ 3,14,872 ಕೊಲೊನಾಸ್ಕೋಪಿಗಳನ್ನು ಆಧರಿಸಿದ 2014ರ ಅಧ್ಯಯನದಲ್ಲಿ, ಅಡಿನೋಮವನ್ನು ಪತ್ತೆಮಾಡುವ ವೈದ್ಯರ ಪ್ರಮಾಣವು ಶೇಕಡಾ 1 ಅಂಶ ಹೆಚ್ಚಿದಂತೆಲ್ಲ ಅವರ ರೋಗಿಗಳಲ್ಲಿ ಮುಂದೆ ಕ್ಯಾನ್ಸರ್ ತಲೆದೋರುವ ಸಂಭವವು ಶೇಕಡಾ 3ರಷ್ಟು ಕಡಮೆಯಿದ್ದುದು ಕಂಡುಬಂದಿತು. ಎರಡನ್ನೂ ಜೊತೆಗಿರಿಸಿ ನೋಡಿದರೆ ಕರುಳಶುದ್ಧಿಯು ಕೇವಲ ಅನುಕೂಲದ ವಿಷಯವಲ್ಲವೆಂಬುದು ವ್ಯಕ್ತವಾಗುತ್ತದೆ.

ಹೀಗಿರುವುದರಿಂದ ಹೊಣೆಯನ್ನೆಲ್ಲ ರೋಗಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಮಲಬದ್ಧತೆ, ಮಧುಮೇಹ, ಅಫೀಮು ಜಾತಿಯ ನೋವುಶಾಮಕಗಳ ಸೇವನೆ ಇವುಗಳಿದ್ದವರಲ್ಲಿ ಶುದ್ಧಿ ಕಷ್ಟಸಾಧ್ಯ; ಸೂಚನೆಗಳು ತಿಳಿಯದ ಭಾಷೆಯಲ್ಲಿದ್ದರೆ ಇನ್ನೂ ಕಷ್ಟ. ಶುದ್ಧಿ ಸಾಲದೆಹೋದಲ್ಲಿ 10 ವರ್ಷ ಕಾಯದೆ ಒಂದು ವರ್ಷದೊಳಗೆ ಮತ್ತೆ ತಪಾಸಣೆ ನಡೆಸಬೇಕೆಂಬುದು ತಜ್ಞರ ಸಲಹೆ. ಕೊಲೊನಾಸ್ಕೋಪಿಯ ವರದಿಯಲ್ಲಿ ‘ಏನೂ ಕಾಣಲಿಲ್ಲ’ ಎಂಬ ವಾಕ್ಯದ ಪಕ್ಕದಲ್ಲಿಯೇ ‘ಎಷ್ಟು ಕಾಣುತ್ತಿತ್ತು’ ಎಂಬುದನ್ನೂ ಓದತಕ್ಕದ್ದು. ಎರಡನೆಯದಿಲ್ಲದೆ ಮೊದಲನೆಯದಕ್ಕೆ ಬೆಲೆ ಕಟ್ಟಲಾಗದೆಂಬುದೇ ನಮ್ಮ ಅಭಿಪ್ರಾಯ.